ಎಡಕ್ಕೆ ತಿರುಗಿದ ನಾಬು

ಹಳೆಯ ಆಂಪ್ಲಿಫೈಯರ್ ಕೆಟ್ಟಿದ್ದು ಹೋದ ಮಳೆಗಾಲದ ಒಂದು ಮುಂಜಾನೆ, ನಾನು ಶೇಂಗಾ ಹುರಿಯುತ್ತಿದ್ದಾಗ. ಹಾಡು ನಡುವೆಯೇ ನಿಂತಿತು, ಆಮೇಲೆ ಸುಟ್ಟ ವಾಸನೆ ಬಂತು. ಶೇಂಗಾ ಹೊತ್ತಿತೆಂದು ಒಲೆ ಆರಿಸಿದೆ. ಶೇಂಗಾ ಚೆನ್ನಾಗಿಯೇ ಇತ್ತು. ಪಡಸಾಲೆಗೆ ಬಂದು ನೋಡಿದರೆ ಆಂಪ್ಲಿಫೈಯರಿನ ಬೆನ್ನಿನಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಸ್ವಿಚ್ಚು ತೆಗೆದು, ತವರಿನಿಂದ ತಂದ ಎರಡು ಮರದ ಸ್ಪೀಕರ್ ಬಾಕ್ಸುಗಳ ಮೇಲೆ ಕೈಯಿಟ್ಟು ನೋಡಿದೆ. ಅವು ತಣ್ಣಗಿದ್ದವು. ಇವಾದರೂ ಉಳಿದವಲ್ಲ ಎಂದುಕೊಂಡು ಮತ್ತೆ ಒಲೆಯ ಮುಂದೆ ಹೋಗಿ ನಿಂತೆ.

ನನ್ನ ಯಜಮಾನರು ಬ್ಯಾಡಗಿ ಮಾರ್ಕೆಟ್ಟಿನ ಒಂದು ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿ ಪರೀಕ್ಷೆ ಮಾಡುವವರು. ಮಧ್ಯಾಹ್ನ ಊಟಕ್ಕೆ ಬಂದಾಗ ಹೇಳಿದೆ.

"ಅದಕ್ಕ್ಯಾಕ ಮಾರಿ ಸಣ್ಣ ಮಾಡೀದಿ? ತಮ್ಮಗ ಫೋನ್ ಹಚ್ತೇನಿ, ಒಂದು ಸೆಟ್ ತಂದು ಒಗೀತಾನ" ಎಂದರು.

ಆ ತಮ್ಮ, ಅಂದರೆ ನನ್ನ ಮೈದುನ, ರಾಣೆಬೆನ್ನೂರಿನಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಾನೆ. ನಾನು ಈ ಮನೆಗೆ ಬಂದಾಗ ಅವನಿನ್ನೂ ಹೈಸ್ಕೂಲು. ದಿನಾ ಮುಂಜಾನೆ ಅವನ ಡಬ್ಬಿಗೆ ಎರಡು ರೊಟ್ಟಿ, ಪುಂಡಿಪಲ್ಯ ಕಟ್ಟಿದ್ದು ನಾನೇ.

"ಅವನ ಸೆಟ್ ನನ್ನ ಮನ್ಯಾಗ ಬ್ಯಾಡ" ಎಂದೆ.

"ಇನ್ನೂ ಅದನ್ನ ಹಿಡಕೊಂಡು ಕುಂತೀಯೇನ?" ಎಂದು ಅವರು ಮಜ್ಜಿಗೆ ಸುರಿದುಕೊಂಡರು.

ಹೌದು, ಹಿಡಿದುಕೊಂಡು ಕುಳಿತಿದ್ದೇನೆ. ಬಿಡಬೇಕೆಂದರೂ ಅದು ನನ್ನನ್ನು ಬಿಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಾದಿನಿಯ ಮಗನ ಮದುವೆ ರಾಣೆಬೆನ್ನೂರಿನಲ್ಲಿ ಆಯಿತು. ಮೆರವಣಿಗೆಯ ಮುಂದೆ ಆರತಿ ಹಿಡಿದು ನಡೆಯುವುದು ಸೋದರಮಾವನ ಹೆಂಡತಿಯಾದ ನನ್ನ ಪಾಲಿಗೆ ಬಂತು. ಬಲಗೈಯಲ್ಲಿ ತಟ್ಟೆ, ಗಾಳಿಗೆ ದೀಪ ಆರಬಾರದೆಂದು ಎಡಗೈ ಅಡ್ಡ. ಕಲ್ಯಾಣ ಮಂಟಪದ ಬಾಗಿಲಲ್ಲಿ ಮೆರವಣಿಗೆ ನಿಂತಿತು. ಹುಡುಗರು ಕುಣಿಯಲು ಶುರು ಮಾಡಿದರು. ಮೈದುನನ ಟೆಂಪೋ ನನ್ನ ಎಡಕ್ಕೇ ಬಂದು ನಿಂತಿತ್ತು, ಆಳೆತ್ತರದ ಬಾಕ್ಸುಗಳು ನನ್ನ ತಲೆಯ ಮಟ್ಟಕ್ಕೆ. ಎದೆಯೊಳಗೆ ಯಾರೋ ಒನಕೆ ಹಾಕಿದಂತಾಯಿತು. ನಾನು ಅವನ ಕಡೆ ತಿರುಗಿ ಬೇಡ ಬೇಡ ಎಂದು ತಲೆಯಾಡಿಸಿದೆ. ಟೆಂಪೋದ ಮೇಲಿಂದ ಅವನು ನನ್ನನ್ನು ನೋಡಿದ. ನಕ್ಕ. ನೋಡುತ್ತಲೇ ಸದ್ದನ್ನು ಇನ್ನಷ್ಟು ಏರಿಸಿದ. ಕಿವಿ ಮುಚ್ಚಿಕೊಳ್ಳಲು ನನಗೆ ಕೈಯಿರಲಿಲ್ಲ. ಆರತಿ ಹಿಡಿದವಳು ದೀಪ ಬಿಟ್ಟು ಸರಿದರೆ ಮದುಮಗನಿಗೆ ಕೇಡು ಎಂದು ಎಲ್ಲರೂ ಅನ್ನುತ್ತಾರೆ. ನಾನು ಸರಿಯಲಿಲ್ಲ.

ಅಂದಿನಿಂದ ಎಡಗಿವಿಯಲ್ಲಿ ಒಂದು ಸೀಟಿ. ಕುಕ್ಕರಿನ ಸೀಟಿ ಇಳಿಯುವ ಹೊತ್ತಿಗೆ ಬರುತ್ತದಲ್ಲ, ಅಂಥದ್ದು. "ಎರಡು ದಿವಸಕ್ಕ ಹೋಗತೈತಿ ಬಿಡು" ಎಂದಿದ್ದರು ಯಜಮಾನರು. ಹೋಗಲಿಲ್ಲ. ಹಾವೇರಿಯ ಡಾಕ್ಟರು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿ, ಎಡಗಿವಿಗೆ ಎತ್ತರದ ಸ್ವರಗಳು ಕೇಳುವ ಶಕ್ತಿ ಹೋಗಿದೆ, ತಿರುಗಿ ಬರುವುದಿಲ್ಲ, ಉಳಿದದ್ದನ್ನು ಜೋಪಾನ ಮಾಡಿಕೊಳ್ಳಿ, ಜೋರು ಸದ್ದಿನ ಹತ್ತಿರ ಹೋಗಬೇಡಿ ಎಂದರು. ಮೈದುನನಿಗೆ ಹೇಳಿದಾಗ ಅವನೆಂದದ್ದು ಇಷ್ಟು: "ಅವತ್ತು ಐನೂರು ಮಂದಿ ಇದ್ರು ವೈನಿ. ಯಾರ ಕಿವಿನೂ ಹೋಗಿಲ್ಲ, ನಿಮ್ಮದೊಂದ ಹೋತೇನು?"

ಹಾಗಾಗಿ ನನಗೆ ಬೇಕಾದದ್ದು ಸಣ್ಣ ದನಿಯಲ್ಲಿ ಚೊಕ್ಕವಾಗಿ ಹಾಡುವ ಆಂಪ್ಲಿಫೈಯರ್. ಜೋರು ಮಾಡಿ ಕೇಳುವ ದಾರಿ ನನಗೆ ಮುಚ್ಚಿದೆ. ಇನ್ನೊಂದು, ಅದಕ್ಕೆ ಬ್ಯಾಲೆನ್ಸ್ ನಾಬು ಇರಬೇಕು, ಅಂದರೆ ಎಡದ ಸ್ಪೀಕರಿಗೆ ಹೆಚ್ಚು, ಬಲದ್ದಕ್ಕೆ ಕಡಿಮೆ ಎಂದು ತಿರುವಿ ಇಡಬಹುದಾದ ನಾಬು. ಹಳೆಯದರಲ್ಲಿ ಅದಿತ್ತು. ಅದನ್ನು ಎಡಕ್ಕೆ ತಿರುವಿಟ್ಟೇ ನಾನು ಇಷ್ಟು ವರ್ಷ ಹಾಡು ಕೇಳಿದ್ದು. ಇಲ್ಲದಿದ್ದರೆ ಹಾಡುವವರು ಬಲಗಡೆಯ ಗೋಡೆಗೆ ಮುಖ ಮಾಡಿ ಹಾಡಿದಂತೆ ಕೇಳುತ್ತದೆ.

ಮೊದಲು ರಾಣೆಬೆನ್ನೂರಿನ ಒಂದು ದೊಡ್ಡ ಅಂಗಡಿಗೆ ಹೋದೆ. ಗೋಡೆ ತುಂಬ ನೀಲಿ ಕೆಂಪು ದೀಪ ಮಿಟುಕಿಸುವ ಹೋಮ್ ಥಿಯೇಟರುಗಳು. ಎರಡೇ ಸ್ಪೀಕರಿನದು, ಬ್ಯಾಲೆನ್ಸ್ ನಾಬು ಇರುವುದು ಎಂದೆ. ಮಾರುವವನು ಮೊಬೈಲಿನಿಂದ ಕಣ್ಣು ತೆಗೆಯದೆ, "ಅಂಥಾವು ಮ್ಯೂಸಿಯಮ್ಮಿನಾಗ ಸಿಗ್ತಾವ್ರಿ ಮೇಡಂ" ಎಂದ. ಪಕ್ಕದವನು ನಕ್ಕ. ನಗು ಮುಗಿಯುವವರೆಗೆ ನಿಂತಿದ್ದು, "ಹಂಗಾದ್ರ ನಿಮ್ಮಲ್ಲಿ ಇಲ್ಲ ಅಂತ ಹೇಳ್ರಿ, ಸಾಕು" ಎಂದು ಬಂದೆ.

ಹಾವೇರಿಯಲ್ಲಿ ಹಳೆಯ ರೇಡಿಯೋ ಮೆಕ್ಯಾನಿಕ್ ಒಬ್ಬರಿದ್ದಾರೆ, ಬಿಳಿ ಗಡ್ಡದ ಸಾಹೇಬರು. ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಅಂಗಡಿ. ಗಿರಾಕಿ ಬಂದರೆ ಸಂತೋಷಪಡುವ ಸ್ವಭಾವವಲ್ಲ ಅವರದು. ನನ್ನ ಸುಟ್ಟ ಆಂಪ್ಲಿಫೈಯರನ್ನು ಮೂಸಿ ನೋಡಿ, "ಮಣ್ಣು ಮಾಡ್ರಿ ಇದನ್ನ" ಎಂದರು. ತಾವೇ ದುರಸ್ತಿ ಮಾಡಿಟ್ಟ ಹಳೆಯ ಎರಡು ಮಷಿನ್ನುಗಳಿದ್ದವು. ಒಂದು ಬೆಳ್ಳಿಯಂತೆ ಹೊಳೆಯುವುದು, ಇನ್ನೊಂದು ಕರಿ ಬಣ್ಣದ, ಮೂಲೆ ಸವೆದದ್ದು. ಎರಡರಲ್ಲೂ ಬ್ಯಾಲೆನ್ಸ್ ನಾಬು ಇತ್ತು.

"ಸಣ್ಣ ದನಿಯೊಳಗ ಹಚ್ಚಿ ತೋರಸ್ರಿ" ಎಂದೆ.

"ಎಲ್ಲಾರೂ ದೊಡ್ಡದ್ರಾಗ ಕೇಳ್ತಾರ, ನಿಮ್ಮದೇನ ಉಲ್ಟಾ?"

ಮೊದಲು ಬೆಳ್ಳಿಯದನ್ನು ಹಚ್ಚಿದರು. ಎದುರಿಗೆ ಕುಳಿತು ಕೇಳಿದೆ. ಎಡಕ್ಕೆ ಹಾಡೇ ಇಲ್ಲ. ಇದು ನನ್ನ ಕಿವಿಯ ತಪ್ಪೋ ಮಷಿನ್ನಿನದೋ ತಿಳಿಯುವುದು ಹೇಗೆ? ಎದ್ದು, ಕುರ್ಚಿ ತಿರುಗಿಸಿ, ಬಾಕ್ಸುಗಳಿಗೆ ಬೆನ್ನು ಮಾಡಿ ಕುಳಿತೆ.

"ಯಾ ಅಲ್ಲಾ! ಹಾಡು ಬಾಕ್ಸಿನಾಗಿಂದ ಬರತೈತಿ ಅಕ್ಕಾರ, ಗ್ವಾಡ್ಯಾಗಿಂದಲ್ಲ."

ಬೆನ್ನು ಮಾಡಿ ಕುಳಿತಾಗ ಎರಡೂ ಕಡೆ ಹೆಚ್ಚು ಕಡಿಮೆ ಸಮನಾಗಿ ಕೇಳಿತು. ಅಂದರೆ ಸಣ್ಣ ದನಿಯಲ್ಲಿ ಆ ಮಷಿನ್ನಿನ ಒಂದು ಮಗ್ಗುಲೇ ಸೋತಿತ್ತು. ಆ ಮಗ್ಗುಲು ಈಗ ನನ್ನ ಒಳ್ಳೆಯ ಕಿವಿಯ ಕಡೆ ಬಂದಿತ್ತು. ಕರಿಯದನ್ನು ಹಚ್ಚಿಸಿದೆ. ಎದುರಿಗೆ ಕುಳಿತು ಕೇಳಿದೆ, ಬೆನ್ನು ಮಾಡಿ ಕೇಳಿದೆ. ಹೇಗೆ ಕುಳಿತರೂ ಕೊರತೆ ನನ್ನ ಎಡಕ್ಕೇ ಬಂತು. ಅದು ಮಷಿನ್ನಿನ ಕೊರತೆಯಲ್ಲ, ನನ್ನದು. "ಇದನ್ನ ಕೊಡ್ರಿ" ಎಂದೆ, ಕಾರಣವನ್ನೂ ಹೇಳಿದೆ. ಸಾಹೇಬರು ಬೆಳ್ಳಿಯದರ ವಾಲ್ಯೂಮ್ ನಾಬನ್ನು ತಾವೇ ತಿರುವಿ ತಿರುವಿ ಕೇಳಿದರು.

"ಖರೇ ಐತಿ. ನನಗ ಗೊತ್ತಾಗಿರಲಿಲ್ಲ" ಎಂದರು, ಸಿಟ್ಟಿನಿಂದಲೇ. "ಕರೀದನ್ನ ಒಯ್ರಿ. ಎಂಟು ದಿವಸ ಕೇಳ್ರಿ, ಬ್ಯಾಡಾದ್ರ ತಂದುಕೊಡ್ರಿ. ಆದ್ರ ನೀವು ಬ್ಯಾಡಗಿ ಮಂದಿ ಎಲ್ಲಾದಕ್ಕೂ ಬಟ್ಟಿ ಹೊಚ್ಚತೀರಿ. ಇದು ಮ್ಯಾಲಿನ ತೂತಿನಾಗಿಂದ ಉಸುರಾಡತೈತಿ. ಬಟ್ಟಿ ಹೊಚ್ಚೀರಿ ಅಂದ್ರ ನನ್ನ ಅಂಗಡಿ ಮೆಟ್ಟಲಾ ಹತ್ತಬ್ಯಾಡ್ರಿ."

ಅವರಂದದ್ದು ಸುಳ್ಳಲ್ಲ. ಸೀಜನ್ ಬಂತೆಂದರೆ ನಮ್ಮೂರಿನಲ್ಲಿ ಗಾಳಿಯೇ ಖಾರ. ಟಿವಿ, ಮಿಕ್ಸರ್, ಹೊಲಿಗೆ ಮಷಿನ್ನು, ಎಲ್ಲಕ್ಕೂ ಬಟ್ಟೆ ಹೊದಿಸುತ್ತೇವೆ. ಮನೆಗೆ ತಂದ ಅರ್ಧ ತಾಸಿನಲ್ಲೇ ಯಜಮಾನರು ಕರಿಯದರ ಮೇಲೆ ಟವೆಲ್ ಹಾಕಿದರು. ನಾನು ತೆಗೆದೆ. ಅವರು ಮತ್ತೆ ಹಾಕಿದರು. ಮೂರನೆಯ ಸಲ ತೆಗೆದು ಆ ಟವೆಲನ್ನು ನೀರಿನಲ್ಲಿ ನೆನೆ ಹಾಕಿಬಿಟ್ಟೆ.

ಅವರು ಸುಮ್ಮನಿರದೆ ತಮ್ಮನಿಗೆ ಫೋನ್ ಹಚ್ಚಿಯೇ ಇದ್ದರು. ಆ ವಾರ ಮೈದುನ ಒಂದು ಕಾರ್ಯಕ್ರಮಕ್ಕೆಂದು ಬ್ಯಾಡಗಿಗೆ ಬಂದವನು, ತನ್ನ ಪೆಂಡಾಲಿನ ಆಂಪ್ಲಿಫೈಯರನ್ನು ಅಣ್ಣನ ಅಂಗಡಿಯ ಗೋದಾಮಿನಲ್ಲಿ ಇಟ್ಟುಹೋಗಿದ್ದ. ಮೆಣಸಿನಕಾಯಿ ಚೀಲಗಳ ನಡುವೆ ಅದು ಎರಡು ದಿನ ಕುಳಿತಿತ್ತು. ರವಿವಾರ ಮಧ್ಯಾಹ್ನ ಅಣ್ಣ ತಮ್ಮ ಇಬ್ಬರೂ ಅದನ್ನು ಹೊತ್ತು ಪಡಸಾಲೆಗೆ ತಂದರು.

ಮೈದುನ ಕರಿಯದನ್ನು ನೋಡಿದ. "ಎಷ್ಟು ವಾಟ್ರಿ ವೈನಿ ಇದು?"

"ನಲವತ್ತು."

"ನಲವತ್ತು ವಾಟಿಂದು ನಮ್ಮ ಮನಿ ಪಾಯಖಾನಿ ಬಲ್ಬ್ ಐತ್ರಿ! ಅಣ್ಣಾ, ನೋಡೋ, ಹಾವೇರಿ ಸಾಬ್ರು ನಮ್ಮ ವೈನಿಗೆ ಬಲ್ಬ್ ಮಾರ್ಯಾರ."

ಯಜಮಾನರೂ ನಕ್ಕರು. ಅದು ನನಗೆ ನಾಟಿತು. ಈ ಮನುಷ್ಯ ದಿನಾ ಅಂಗಡಿಯಲ್ಲಿ ಒಂದು ಹಿಡಿ ಕಾಯಿ ತೆಗೆದು ಬಲಗಿವಿಯ ಹತ್ತಿರ ಅಲುಗಾಡಿಸುತ್ತಾರೆ. ಒಳಗಿನ ಬೀಜ ಗಿಲಿಗಿಲಿ ಎಂದರೆ ಒಣಗಿದ ಕಾಯಿ, ಮೂಕಾದರೆ ಹಸಿ. ಆಗ ಹಮಾಲರು ಮಾತಾಡಿದರೂ "ಏ, ಸುಮ್ನಿರ್ರಲೇ" ಎಂದು ಗದರುತ್ತಾರೆ. ಕಾಯಿಗೆ ಸಿಕ್ಕ ಈ ಮರ್ಯಾದೆ ಹೆಂಡತಿಯ ಕಿವಿಗೆ ಸಿಗಲಿಲ್ಲ.

"ಒಂದು ಮಾತು" ಎಂದೆ ಮೈದುನನಿಗೆ. "ನಾ ಬಾಕ್ಸಿಗೆ ಬೆನ್ನು ಮಾಡಿ ಕುಂದರ್ತೇನಿ. ನೀ ವಯರ್ ಬದಲಿಸಿ ಬದಲಿಸಿ ಹಚ್ಚು, ಹಚ್ಚಲಾರದ ಮಷಿನ್ ಆರಿಸಿಡು, ದನಿ ಎರಡಕ್ಕೂ ಒಂದ ಮಟ್ಟ ಇರಲಿ. ಯಾವುದು ನಿಂದು ಯಾವುದು ನಂದು ನಾ ಹೇಳ್ತೇನಿ. ಒಂದು ತಪ್ಪಿದ್ರೂ ಇದನ್ನ ನಾಳೆ ಹಾವೇರಿಗೆ ವಾಪಸ್ ಕೊಡ್ತೇನಿ, ನಿನ್ನ ಸೆಟ್ ಇಲ್ಲೇ ಇರಲಿ. ತಪ್ಪಲಿಲ್ಲಂದ್ರ ನಿಂದನ್ನ ಎತ್ತಿಕೊಂಡು ಹೋಗು."

"ಅಣ್ಣಾ, ನೀ ಸಾಕ್ಷಿ" ಎಂದ ಅವನು.

ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿ ಕುಳಿತೆ. ಸೋತರೆ ಆ ಪೆಂಡಾಲು ನನ್ನ ಪಡಸಾಲೆಯಲ್ಲಿ ಕೂರುತ್ತದೆ. ಬಂದವರೆಲ್ಲ ಜೋರು ಹಚ್ಚುತ್ತಾರೆ, ಬಲಗಿವಿಯೂ ಎಡದ ದಾರಿ ಹಿಡಿಯುತ್ತದೆ. ನಿಧಾನದ ಒಂದು ಹಿಂದುಸ್ತಾನಿ ಹಾಡಿನ ಸೀಡಿ ಹಾಕಿಸಿದ್ದೆ. ಮೊದಲಿಗೆ ಬರಿ ತಂಬೂರಿ.

"ಇದು ನಂದು" ಎಂದೆ. ವಯರ್ ಬದಲಿಸಿದ ಸಪ್ಪಳವಾಯಿತು. "ಇದೂ ನಂದ. ತಗದು ತಿರುಗಿ ಅದನ್ನ ಹಚ್ಚೀದಿ." ಯಜಮಾನರು ಕೆಮ್ಮಿದರು, ನನ್ನ ಮಾತು ಸರಿಯಿತ್ತೆಂದು ಗೊತ್ತಾಯಿತು. ಮೂರನೆಯದು. "ನಿಂದು." ನಾಲ್ಕನೆಯದು. "ನಿಂದ."

"ಹೆಂಗ ಗೊತ್ತಾತು?"

"ನಿಂದರ ಬೆನ್ನಾಗ ಪಂಖಾ ಐತಿ. ತಂಬೂರಿ ನಡುವ ಅದೂ ಹಾಡಾಕತ್ತೈತಿ."

"ಅದು ಹಾಡಿನ ಪರೀಕ್ಷೆ ಆಗಲಿಲ್ರಿ, ಪಂಖಾದ್ದಾತು. ಇದು ಮೋಸ!"

"ಕೇಳೋರಿಗೆ ಎರಡೂ ಒಂದ ಕಿವಿಯಾಗ ಬರ್ತಾವು."

ಆಗ ಅವನು ಅಂದ ಮಾತು ಇದು: "ಒಂದ ಕಿವಿ ಉಳದೈತಲ್ಲ, ಅದಕ್ಕ ಹಂಗ ಅಂತೀರಿ. ಒಂದು ಕಿವಿ ಇದ್ದೋರಿಗೆ ಎರಡು ಬಾಕ್ಸ್ ಯಾಕ್ರಿ? ಒಂದು ಮೊಬೈಲ್ ಸಾಕು."

ಹಾಗಾದರೆ ನನ್ನ ಕಿವಿ ಹೋದದ್ದು ನಿಜವೆಂದು ಇಷ್ಟು ವರ್ಷವೂ ಅವನಿಗೆ ಗೊತ್ತಿತ್ತು. ನಾನು ಕುರ್ಚಿಯಿಂದ ತಿರುಗಿ ನೋಡಿದೆ. "ಇನ್ನೊಂದು ಯಾರ್ ತಗೊಂಡ್ರು ಅಂತ ನಿಮ್ಮಣ್ಣನ ಮುಂದ ಹೇಳು."

ಯಜಮಾನರು ನೆಲ ನೋಡುತ್ತಿದ್ದರು. "ಈಗ ಯಾಕ ಆ ಮಾತು" ಎಂದರು, ಯಾರಿಗೆಂದು ತಿಳಿಯಲಿಲ್ಲ.

"ಪಂಖಾ ಕೇಳಸ್ತೈತೇನು? ಈಗ ಹೆಂಗ ಕೇಳಸ್ತೈತಿ ನೋಡೂಣು" ಎಂದು ಮೈದುನ ತನ್ನ ಮಷಿನ್ನಿನ ವಾಲ್ಯೂಮ್ ನಾಬನ್ನು ಕೊನೆಯವರೆಗೆ ತಿರುವಿದ. ತಂಬೂರಿ ಗುಡುಗಾಯಿತು. ಕಪಾಟಿನ ಕಪ್-ಬಸಿಗಳು ಕುಣಿದವು, ನನ್ನ ತಂದೆಯ ಬಾಕ್ಸುಗಳು ಕಟಕಟ ಎಂದವು. ನಾನು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡೆ. ಈ ಸಲ ಕೈಯಲ್ಲಿ ಆರತಿ ಇರಲಿಲ್ಲ.

ಮಷಿನ್ನು ಬಿಸಿಯೇರಿದಂತೆ ಅದರ ಪಂಖವೂ ಜೋರಾಯಿತು. ಗೋದಾಮಿನಲ್ಲಿ ಎರಡು ದಿನ ತುಂಬಿಕೊಂಡ ಕಾಯಿಯ ದೂಳನ್ನೆಲ್ಲ ಅದು ಒಮ್ಮೆಲೇ ಕೋಣೆಗೆ ಊದಿತು. ಮೊದಲು ಸೀನಿದವನು ಮಷಿನ್ನಿನ ಬೆನ್ನಿಗೇ ನಿಂತಿದ್ದ ಮೈದುನ. ಆಮೇಲೆ ಯಜಮಾನರು. ಆಮೇಲೆ ಯಾರು ಸೀನುತ್ತಿದ್ದಾರೆ, ಯಾರು ಕೆಮ್ಮುತ್ತಿದ್ದಾರೆ ಗೊತ್ತಾಗಲಿಲ್ಲ. ನಾನು ಮೇನ್ ಸ್ವಿಚ್ಚಿಗೆ ಕೈ ಹಾಕಿ ಆರಿಸಿದೆ, ಮೂವರೂ ಅಂಗಳಕ್ಕೆ ಓಡಿದೆವು. ಪಕ್ಕದ ಮನೆಯ ಮುದುಕಿ ಗೋಡೆಯ ಮೇಲಿಂದ ಇಣುಕಿ, "ಏನವ್ವಾ, ಒಗ್ಗರಣಿಗೆ ಚೀಲಾನ ಸುರವಿದೇನು?" ಎಂದಳು.

ಕಣ್ಣು ಮೂಗು ಎರಡರಿಂದಲೂ ನೀರು ಸುರಿಸುತ್ತ ಯಜಮಾನರು ತಮ್ಮನ ಕಡೆ ತಿರುಗಿದರು. "ಒಯ್ಯೋ ಇದನ್ನ. ಲಗೂ ಒಯ್ಯಿ."

"ದೂಳು ನಿನ್ನ ಗೋದಾಮಿಂದು ಅಣ್ಣಾ!"

"ತಿರುವಿದ ಕೈ ನಿಂದು. ವೈನಿ ಕಿವಿ ಮುಚ್ಚಿಕೊಂಡಿದ್ದು ಕಾಣಲಿಲ್ಲೇನ? ಒಯ್ಯಿ."

ಇಷ್ಟನ್ನು ಅವರು ಮದುವೆಯ ದಿನ ಮಂಟಪದ ಬಾಗಿಲಲ್ಲಿ ಅಂದಿದ್ದರೆ ಸಾಕಿತ್ತು. ಅದನ್ನು ನಾನು ಆಗ ಬಾಯಿಬಿಟ್ಟು ಹೇಳಲಿಲ್ಲ. ಸಂಜೆ ಪರದೆ ತೊಳೆಯುವಾಗ ಹೇಳಿದೆ. ಅವರು ಹಿಂಡಿದ ಪರದೆಯನ್ನು ಒಣಹಾಕಲು ಎತ್ತಿಕೊಂಡು ಹೋದರು.

ಕರಿಯ ಮಷಿನ್ನು ಉಳಿಯಿತು. ಮೇಲೆ ಬಟ್ಟೆಯಿಲ್ಲ, ದಿನಾ ಮುಂಜಾನೆ ಒಣ ಬಟ್ಟೆಯಲ್ಲಿ ಒರೆಸುತ್ತೇನೆ. ಬ್ಯಾಲೆನ್ಸ್ ನಾಬು ಗಡಿಯಾರದ ಹತ್ತು ಗಂಟೆಯ ಜಾಗದಲ್ಲಿ ನಿಂತರೆ ಹಾಡುವವರು ನನ್ನೆದುರು ನಡುವಿಗೆ ಬಂದು ಕೂರುತ್ತಾರೆ. ಯಜಮಾನರು ಅದನ್ನು ಒಂದೆರಡು ಸಲ ನೆಟ್ಟಗೆ ಮಾಡಿದ್ದರು, ಸೊಟ್ಟಗೆ ಕಂಡದ್ದನ್ನು ಸರಿ ಮಾಡುವ ಚಟ. ಆ ಜಾಗಕ್ಕೆ ನನ್ನ ಹಣೆಯ ಒಂದು ಕೆಂಪು ಟಿಕಳಿ ಅಂಟಿಸಿದ್ದೇನೆ. ಈಗ ಅವರು ಮುಟ್ಟುವುದಿಲ್ಲ.

ಮೊನ್ನೆ ಮೈದುನ ಬಂದಿದ್ದ, ಮಾರ್ಕೆಟ್ಟಿಗೆ ಏನೋ ಕೆಲಸ. ಚಹಾ ಕೊಟ್ಟೆ. ಹಾಡು ಸಣ್ಣಗೆ ನಡೆದಿತ್ತು. ಬಸಿಯಲ್ಲಿ ಚಹಾ ಸುರಿದುಕೊಂಡು ಮಷಿನ್ನಿನ ಹತ್ತಿರ ಹೋಗಿ ಬಗ್ಗಿ ನೋಡಿದ. "ವೈನಿ, ಈ ನಾಬು ಒಂದ ಕಡೆ ಸರದೈತ್ರಿ. ನಡುವ ತರ್ಲೇನು?"

"ಮುಟ್ಟಬ್ಯಾಡ" ಎಂದೆ. "ಅದು ನೀ ತಿರುವಿಟ್ಟದ್ದು."

ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ತಪ್ಪಾಯಿತು ಎನ್ನಲಿಲ್ಲ. ಅವನಿಂದ ಆ ಮಾತು ಬರುತ್ತದೆಂದು ನಾನೂ ಕಾಯುತ್ತಿಲ್ಲ. ನಿಂತೇ ಚಹಾ ಮುಗಿಸಿ ಬಸಿಯನ್ನು ಟೀಪಾಯಿಯ ಮೇಲೆ ಇಟ್ಟ, ಹೆಚ್ಚು ಸಪ್ಪಳ ಆಗದ ಹಾಗೆ. ನನ್ನ ಬಲಗಿವಿಗೆ ಅದೂ ಕೇಳಿಸಿತು.