ತೊಟ್ಟಿಲು ಕೊಯ್ದ ದಿನ

ಆಗ ನನಗೆ ಅರವತ್ತೊಂದು. ಅದಾಗಿ ಈಗ ಆರು ವರ್ಷ. ಸೊಸೆ ಹುಕ್ಕೇರಿಯ ದವಾಖಾನೆಯಲ್ಲಿ ನರ್ಸ್. ಅವರ ಮಗಳನ್ನು ನೋಡಿಕೊಂಡು ಮನೆಯಲ್ಲಿ ಇರುವವನು ನನ್ನ ಮಗ. ಅವಳ ಅಂಗಿ ಅವನೇ ಹೊಲಿಯುತ್ತಾನೆ, ಕುಕ್ಕರಿನ ತಳಕ್ಕೆ ಉಪ್ಪು ಹಾಸಿ ಕೇಕ್ ಬೇಯಿಸುತ್ತಾನೆ. ಕೇಕ್ ಚೆನ್ನಾಗಿರುತ್ತದೆ, ಸುಳ್ಳು ಯಾಕೆ ಹೇಳಲಿ.

ಒಂದು ದಿನ ಕುಲಗೋಡದಿಂದ ನಮ್ಮ ಅಕ್ಕ ಬಂದಿದ್ದಳು. ಕೇಕ್ ತಿನ್ನುತ್ತಾ ಕೂತಿದ್ದಾಗ ಹಿತ್ತಲಲ್ಲಿ ಗರಗಸದ ಸದ್ದು ಕೇಳಿತು. ಇಬ್ಬರೂ ಎದ್ದು ಹೋಗಿ ನೋಡಿದರೆ ಮಗ ತೊಟ್ಟಿಲು ಕೊಯ್ಯುತ್ತಿದ್ದ. ಅವನು ಹುಟ್ಟಿದಾಗ ನನ್ನ ತವರಿನವರು ಗೋಕಾಕದಲ್ಲಿ ಮಾಡಿಸಿ ಕೊಟ್ಟ ಸಾಗವಾನಿ ತೊಟ್ಟಿಲು ಅದು. ನಮ್ಮಲ್ಲಿ ತೊಟ್ಟಿಲು ಮುರಿಯುವುದಿಲ್ಲ, ಮುಂದಿನ ಕೂಸಿಗೆ ಅಂತ ಅಟ್ಟದ ಮೇಲೆ ಇಡುತ್ತೇವೆ. ಮೊಮ್ಮಗ ಬರುತ್ತಾನೆ ಅಂತ ನಾನು ವರ್ಷಕ್ಕೊಮ್ಮೆ ಅದಕ್ಕೆ ಎಣ್ಣೆ ಹಚ್ಚುತ್ತಿದ್ದೆ.

“ಏನೋ ಇದು?”

“ಮಗಳು ಸಾಲಿಗೆ ಹೊಂಟಾಳಲ್ಲವ್ವಾ, ಬರ್ಯಾಕ ಟೇಬಲ್ ಮಾಡಾಕತ್ತೇನಿ.”

“ಇನ್ನೊಂದು ಕೂಸು ಎಲ್ಲಿ ಮಲಗಬೇಕು?”

“ಇನ್ನೊಂದು ಬ್ಯಾಡವ್ವಾ. ಇಬ್ಬರೂ ಕೂಡೇ ಮಾತಾಡೇವಿ. ಒಂದ ಸಾಕು.”

ಅಕ್ಕ ಬಾಯಿಗೆ ಸೆರಗು ಹಿಡಿದಳು. “ಗಂಡಸು ಮನ್ಯಾಗ ಕುಂತ್ರ ಹಿಂಗ ಆಗೂದು ನೋಡ. ಇವಗ ಬಳಿ ತೊಡಸೂದೊಂದ ಉಳದೈತಿ.”

ನನಗೂ ಮಗನ ಮೇಲೆ ಸಿಟ್ಟು ಬಂದಿತ್ತು. ಆದರೂ ಅಂದೆ, “ಅಂವ ಮಾಡಿದ ಕೇಕ್ ಎರಡು ತುಂಡು ತಿಂದಿ. ಮದಲ ಬಾಯಿ ಒರಸ್ಕೋ, ಆಮ್ಯಾಲ ಮಾತಾಡು.”

ಸಂಜೆಗೆ ಟೇಬಲ್ ತಯಾರಾಯಿತು. ನಾನು ಕಾಲು ಹಿಡಿದು ಜಗ್ಗಿ ನೋಡಿದೆ. ಅಲುಗಾಡಲಿಲ್ಲ.

ಮರುದಿನ ಬೆಳಿಗ್ಗೆ ತೊಟ್ಟಿಲಿನ ಉಳಿದ ತುಂಡುಗಳನ್ನು ಒಲೆಗೆ ಹಾಕಿ ನೀರು ಕಾಯಿಸಿ, ಮೊಮ್ಮಗಳ ತಲೆಗೆ ಎರೆದು ಸಾಲಿಗೆ ಕಳಿಸಿದೆ.