ಬೆಚ್ಚಗಾದ ತಾಮ್ರ

ಬಾಗಲಗುಂಟೆಯ ಸರಳಾ ಆ ತಾಮ್ರದ ತಂತಿಗಳನ್ನು ಹೆತ್ತ ಮಗುವಿನ ಹಾಗೆ ಕಾಪಾಡಿಕೊಂಡು ತಂದಿದ್ದಳು. ಹೊರರಾಜ್ಯದ ಒಂದು ಕೇಂದ್ರದಲ್ಲಿ ಎಲೆಕ್ಟ್ರಾನ್ ಕಿರಣದ ಯಂತ್ರ ಸಿಗಲು ವರ್ಷಗಟ್ಟಲೆ ಕಾದು, ತಂತಿಗಳಿಗೆ ಕಿರಣ ಹಾಯಿಸಿಕೊಂಡು, ದ್ರವ ಸಾರಜನಕದ ಕ್ಯಾನಿನಲ್ಲಿ ಮುಳುಗಿಸಿ ಬಾಡಿಗೆ ವ್ಯಾನಿನಲ್ಲಿ ಬೆಂಗಳೂರಿಗೆ ಬಂದಿದ್ದಳು. ದಾರಿಯಲ್ಲಿ ವ್ಯಾನು ಟೀ ಅಂಗಡಿಯ ಮುಂದೆ ನಿಂತಾಗಲೆಲ್ಲ ಮುಚ್ಚಳ ಎತ್ತಿ ಸಾರಜನಕ ಎಷ್ಟಿದೆ ಎಂದು ನೋಡುತ್ತಿದ್ದಳು. ಡ್ರೈವರು ಒಳಗೆ ಐಸ್‌ಕ್ರೀಮ್ ಇದೆ ಅಂದುಕೊಂಡಿದ್ದ.

ಯಲಹಂಕದಾಚೆಯ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಅವಳು ಯೋಗಾನಂದ ಎಂಬವರ ಕೈಕೆಳಗೆ ಪಿಎಚ್.ಡಿ ಮಾಡುತ್ತಿದ್ದಳು. ವೇಗದ ಎಲೆಕ್ಟ್ರಾನು ಬಡಿದಾಗ ಲೋಹದೊಳಗಿನ ಪರಮಾಣು ತನ್ನ ಜಾಗ ಬಿಟ್ಟು ಎಲ್ಲೋ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಅದಿದ್ದ ಜಾಗ ಖಾಲಿ ಉಳಿಯುತ್ತದೆ. ಕೊರೆಯುವ ಚಳಿಯಲ್ಲಿ ಇಟ್ಟಿರುವ ತನಕ ಆ ಖಾಲಿ ಜಾಗಗಳು ಇದ್ದಲ್ಲೇ ಇರುತ್ತವೆ. ಬೆಚ್ಚಗಾಗುತ್ತಾ ಹೋದ ಹಾಗೆ ಅವು ಕದಲಿ, ತುಂಬಿಕೊಂಡು, ಲೋಹ ಮೊದಲಿನಂತಾಗುತ್ತದೆ. ಎಷ್ಟು ಬಿಸಿಗೆ ಎಷ್ಟು ಸರಿಹೋಯಿತು ಎಂದು ಹಂತಹಂತವಾಗಿ ಅಳೆಯುವುದೇ ಅವಳ ಸಂಶೋಧನೆ. ಒಂದು ತಂತಿಯನ್ನು ಅಳೆಯಲು ಸಿಗುವುದು ಒಂದೇ ಅವಕಾಶ. ತಾನಾಗಿ ಬೆಚ್ಚಗಾಗಿಬಿಟ್ಟರೆ ಮುಗಿಯಿತು. ಮತ್ತೆ ಎಷ್ಟು ತಣ್ಣಗೆ ಮಾಡಿದರೂ ಹೋದದ್ದು ಬರುವುದಿಲ್ಲ.

ಅಳತೆ ಶುರುವಾಗುವ ಮುನ್ನ ತಂಗಿ ರಾಧಾಮಣಿಯ ನಿಶ್ಚಿತಾರ್ಥ ಬಂತು. ಜೊತೆಯ ಸಂಶೋಧಕಿ ರುಖ್ಸಾರ್‌ಗೆ ಕ್ಯಾನು ನೋಡಿಕೊಳ್ಳಲು ಹೇಳಿ ಸರಳಾ ಒಂದು ದಿನ ರಜೆ ಹಾಕಿದಳು. ಮುಚ್ಚಳದ ಮೇಲೆ 'ತೆರೆಯಬೇಡಿ' ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದಳು.

ಮರುದಿನ ಲ್ಯಾಬಿಗೆ ಬಂದಾಗ ತಂತಿಗಳಿದ್ದ ಸಣ್ಣ ಬುಟ್ಟಿ ಮೇಜಿನ ಮೇಲಿತ್ತು. ಪಕ್ಕದಲ್ಲಿ, ನೆಲದ ಮೇಲೆ, ಗುಲಾಬಿಯ ದಳಗಳ ಚೂರು. ಅವಳು ಬುಟ್ಟಿಯನ್ನು ಬರಿಗೈಯಲ್ಲಿ ಮುಟ್ಟಿದಳು. ಕೋಣೆಯಷ್ಟೇ ಬೆಚ್ಚಗಿತ್ತು.

"ಯೋಗಾನಂದ ಸರ್ ಗೆಸ್ಟುಗಳ್ನ ಕರ್ಕೊಂಡ್ ಬಂದಿದ್ರು ಕಣೇ," ಎಂದಳು ರುಖ್ಸಾರ್. ದೊಡ್ಡ ಟ್ಯಾಂಕಿನಲ್ಲಿ ಸಾರಜನಕ ತೀರಿತ್ತಂತೆ. ಅತಿಥಿಗಳಿಗೆ ಹೂವನ್ನು ಮುಳುಗಿಸಿ, ಗಾಜಿನ ಹಾಗೆ ಒಡೆದು ತೋರಿಸಬೇಕಿತ್ತು. ಅದಕ್ಕೆ ಸರಳಾಳ ಕ್ಯಾನಿನಿಂದ ಬುಟ್ಟಿ ಎತ್ತಿ ಹೊರಗಿಟ್ಟರಂತೆ. "ಬೇಡ ಸರ್, ಸರಳಾ ಸ್ಯಾಂಪಲ್ ಇದೆ ಅಂದೆ. ಎರಡ್ ನಿಮ್ಷ ಅಂದ್ರು. ಆಮೇಲೆ ಎಲ್ರೂ ಊಟಕ್ಕೆ ಹೋದ್ರು."

ಸರಳಾ ಬುಟ್ಟಿಯನ್ನು ಎತ್ತಿಕೊಂಡಳು. ತಂತಿಗಳನ್ನು ಮತ್ತೆ ತಣ್ಣಗೆ ಮಾಡಿ ವಿದ್ಯುತ್ ರೋಧ ಅಳೆದಳು. ಕಿರಣ ಹಾಯಿಸುವ ಮುನ್ನ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ ಇತ್ತು; ಖಾಲಿ ಜಾಗಗಳೆಲ್ಲ ತುಂಬಿಹೋಗಿದ್ದವು.

ಅಂದು ಸಂಜೆ ಮನೆಯಲ್ಲಿ ತಾಯಿ ಸೊಣ್ಣಮ್ಮ, "ಯಾಕವ್ವಾ ಇಂಗೆ ಕುಂತಿದೀಯ?" ಎಂದಳು. ಸರಳಾ ನಡೆದದ್ದನ್ನು ಬಿಡಿಸಿ ಹೇಳಿದಳು. ಸೊಣ್ಣಮ್ಮ, "ಕೆಟ್ಟಿದ್ ತಾಮ್ರ ನೆಟ್ಟಗಾಯ್ತು ಅಂದ್ರೆ ಒಳ್ಳೇದೇ ಅಲ್ವೇನವ್ವಾ?" ಎಂದಳು. ಸರಳಾಗೆ ಜೋರಾಗಿ ನಗು ಬಂತು. ನಗು ನಿಲ್ಲಲೇ ಇಲ್ಲ. ಆಮೇಲೆ ಸೊಣ್ಣಮ್ಮ ಗಾಬರಿಯಾಗಿ ಅವಳ ಬೆನ್ನು ಸವರತೊಡಗಿದಳು.

ಮಾರ್ಗದರ್ಶಕ ಯೋಗಾನಂದ ಅವಳನ್ನು ಕರೆಸಿ ಕಾಫಿ ತರಿಸಿದರು. "ನೋಡಮ್ಮಾ, ತಾಮ್ರದ ಕರ್ವ್ ಹೆಂಗ್ ಬರುತ್ತೆ ಅಂತ ಎಲ್ರಿಗೂ ಗೊತ್ತು. ಹಳೇ ಪೇಪರ್‌ಗಳಲ್ಲಿ ಇದೆ. ಅದನ್ನೇ ಸ್ವಲ್ಪ ಆಕಡೆ ಈಕಡೆ ಮಾಡಿ ಹಾಕು. ಯಾರ್ ಬಂದು ತಂತಿ ಕೇಳ್ತಾರೆ?"

"ಅಳೀದೇ ಇರೋದನ್ನ ಹೆಂಗೆ ಬರೀಲಿ ಸರ್?"

"ಹಂಗಾದ್ರೆ ಮತ್ತೆ ಯಂತ್ರಕ್ಕೆ ಅರ್ಜಿ ಹಾಕಿ ಕಾಯಿ. ಅಷ್ಟರಲ್ಲಿ ನಿನ್ ಅವಧಿ ಮುಗಿಯುತ್ತೆ. ಯೋಚ್ನೆ ಮಾಡು."

ಅವಳು ಕಾಫಿ ಮುಟ್ಟದೆ ಎದ್ದು ಬಂದಳು. ಅವಧಿ ವಿಸ್ತರಿಸಿ ಎಂದು ವಿಭಾಗದ ಸಮಿತಿಗೆ ಅರ್ಜಿ ಕೊಟ್ಟಳು, ನಡೆದದ್ದನ್ನು ನಡೆದಂತೆ ಬರೆದು. ಸಮಿತಿಯ ಮುಂದೆ ಯೋಗಾನಂದ ಬಹಳ ನೊಂದವರಂತೆ ಮಾತಾಡಿದರು. ಮಾದರಿಗಳನ್ನು ಬಿಟ್ಟು ವಿದ್ಯಾರ್ಥಿನಿ ಮನೆಯ ಸಮಾರಂಭಕ್ಕೆ ಹೋಗಿದ್ದಳು, ಕ್ಯಾನಿನಲ್ಲಿ ಸಾರಜನಕ ಆರಿಹೋಗಿತ್ತು, ಎಳೆಯ ವಯಸ್ಸು, ತಪ್ಪಾಗುತ್ತದೆ ಎಂದರು. ಸಮಿತಿಯವರು ರುಖ್ಸಾರ್‌ಳನ್ನು ಕೇಳಿದರು. ಅವಳು ನೆಲ ನೋಡುತ್ತಾ, "ನಾನು ಆಗ ಲ್ಯಾಬಲ್ಲಿ ಇರ್ಲಿಲ್ಲ," ಎಂದಳು.

ಹೊರಗೆ ಬಸ್‌ಸ್ಟಾಪಿನವರೆಗೂ ರುಖ್ಸಾರ್ ಹಿಂದೆಯೇ ಓಡಿಬಂದಳು. ಕಣ್ಣು ತುಂಬಿತ್ತು. "ನನ್ ಥೀಸಿಸ್‌ಗೂ ಅವ್ರೇ ಸೈನ್ ಹಾಕ್ಬೇಕಲ್ವೇನೇ? ನಾನೇನ್ ಮಾಡ್ಲಿ ಹೇಳು."

"ಏನೂ ಮಾಡ್ಬೇಡ. ಬಸ್ ಬಂತು," ಎಂದು ಸರಳಾ ಹತ್ತಿಬಿಟ್ಟಳು.

ಅವಧಿ ವಿಸ್ತರಣೆಯಾಗಲಿಲ್ಲ. ರುಖ್ಸಾರ್ ಡಾಕ್ಟರೇಟ್ ಪಡೆದು ಅಲ್ಲೇ ಅಧ್ಯಾಪಕಿಯಾದಳು. ಅದೇ ತಾಮ್ರದ ಮೇಲೆ ಯೋಗಾನಂದರ ಹೆಸರಿನಲ್ಲಿ ಒಂದು ಲೇಖನವೂ ಬಂತು. ಅದರ ಕರ್ವ್ ತುಂಬ ಚೆಂದವಾಗಿತ್ತು, ಎಲ್ಲೂ ಒಂದು ಚುಕ್ಕಿ ಆಚೀಚೆ ಆಗಿರಲಿಲ್ಲ. ಸರಳಾ ಪತ್ರಿಕೆಯ ಸಂಪಾದಕರಿಗೆ ದೂರು ಬರೆದಳು. ಸಂಸ್ಥೆಯನ್ನೇ ವಿಚಾರಿಸಿದ್ದೇವೆ, ಲೋಪವಿಲ್ಲವೆಂದು ತಿಳಿಸಿದ್ದಾರೆ ಎಂದು ಉತ್ತರ ಬಂತು.

ಈಗ ಅವಳು ಗಂಗಾನಗರದ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಾಳೆ. ಚೆನ್ನಾಗಿಯೇ ಹೇಳುತ್ತಾಳೆ. ಪ್ರಯೋಗದ ಕ್ಲಾಸಿನಲ್ಲಿ ಮಕ್ಕಳು ಉತ್ತರ ಮೊದಲೇ ನೋಡಿಕೊಂಡು ರೀಡಿಂಗ್ ಬರೆದರೆ ಮಾತ್ರ ಅವಳಿಗೆ ತಡೆಯಲಾರದಷ್ಟು ಸಿಟ್ಟು ಬರುತ್ತದೆ. ಮಕ್ಕಳು ಅದಕ್ಕೇ ಹೆದರುತ್ತಾರೆ. ಪ್ರಿನ್ಸಿಪಾಲರು ಎರಡು ಸಲ ಕರೆದು, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ, ರಿಸಲ್ಟ್ ಬರಬೇಕಲ್ವಾ ಎಂದಿದ್ದಾರೆ.

ಹೋದ ತಿಂಗಳು ಹೆಬ್ಬಾಳದ ಒಂದು ಮದುವೆ ಛತ್ರದಲ್ಲಿ ಯೋಗಾನಂದ ಎದುರಾದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಟ್ಟೆ ಹಿಡಿದುಕೊಂಡೇ ನಗುತ್ತಾ ಬಂದು, "ಚೆನ್ನಾಗಿದೀಯಾ ಸರಳಾ? ಹಳೇದೆಲ್ಲಾ ಮರ್ತಿದೀಯ ತಾನೇ?" ಎಂದರು.

"ಇಲ್ಲ ಸರ್," ಎಂದಳು ಸರಳಾ.

ಅವರು ಇನ್ನೊಮ್ಮೆ ನಗಲು ನೋಡಿದರು. ಅವಳು ಕದಲದೆ ಅವರ ಮುಖವನ್ನೇ ನೋಡುತ್ತಾ ನಿಂತಳು. ಕೊನೆಗೆ ಅವರೇ ಕಣ್ಣು ತಗ್ಗಿಸಿ, ಯಾರೋ ಕರೆದವರಂತೆ ಪಕ್ಕದ ಸಾಲಿಗೆ ಹೋದರು. ಸರಳಾ ಊಟ ಮಾಡದೆ ಬಾಗಲಗುಂಟೆಗೆ ಆಟೋ ಹಿಡಿದಳು.