ತೂಬಿನ ಹಗ್ಗ

ನನ್ನ ತಮ್ಮ ಕೆರೆಯಲ್ಲಿ ಮುಳುಗಿದ್ದ, ಅವನ ಸೊಂಟದ ಹಗ್ಗದ ತುದಿ ನನ್ನ ಕೈಯಲ್ಲಿತ್ತು. ಆಗಲೇ ನನ್ನ ಮೊಬೈಲು ಬಡಿದುಕೊಂಡಿತು.

ಮಳವಳ್ಳಿ ಕಡೆಯ ನಮ್ಮೂರು ಮೊದಲು ಈ ಕೆರೆಯಂಗಳದಲ್ಲೇ ಇತ್ತಂತೆ. ಅರಸರ ಕಾಲದಲ್ಲಿ ಏರಿ ಕಟ್ಟಿದಾಗ ದಿಬ್ಬಕ್ಕೆ ಬಂತಂತೆ. ಏರಿ ಕೆಳಗಿನ ಗದ್ದೆಗೆ ನೀರು ಬಿಡಲು ಈಗಲೂ ಒಬ್ಬರು ಮುಳುಗಿ ತೂಬಿನ ಬಿರಡೆ ಕೀಳಬೇಕು. ಹಗ್ಗವನ್ನು ಒಡಹುಟ್ಟಿದವರೇ ಹಿಡಿಯಬೇಕು, ಒಳಗಿನಿಂದ ಜಗ್ಗಿದರೆ ಎಳೆಯಬೇಕು ಎಂಬುದು ಊರಿನ ಕಟ್ಟುಪಾಡು.

ನಾನು ಹಗ್ಗವನ್ನು ಕಾಲಲ್ಲಿ ಮೆಟ್ಟಿಕೊಂಡು 'ಹಲೋ' ಅಂದೆ. ಎರಡು ಮಾತಾಡಿ ನೋಡಿದರೆ ಕಾಲಡಿ ಹಗ್ಗವಿಲ್ಲ. ತುದಿ ನೀರಿನ ಮೇಲೆ ತೇಲುತ್ತಿತ್ತು.

ನಾನು ಹಾರುವಷ್ಟರಲ್ಲಿ ತೂಬಿನ ಕಲ್ಲುಕಂಬದ ಪಕ್ಕ ಅವನ ತಲೆ ಮೇಲೆದ್ದಿತು. ಮೊಣಕೈಯಿಂದ ರಕ್ತ ಸುರಿಯುತ್ತಿತ್ತು.

"ಹಳೇ ಬಲೆಗೆ ಕಾಲು ಸಿಕ್ಕಾಕ್ಕೊಂಡಿತ್ತು ಕಣಣ್ಣ. ಎಷ್ಟು ಜಗ್ಗುದ್ರೂ ಎಳೀಲಿಲ್ವಲ್ಲ, ನಿದ್ದೆ ಹೊಡೀತಿದ್ಯಾ?"

"ಪಾಚಿ ಹಿಡ್ದು ಕೈಯಿಂದ ಜಾರೋಯ್ತು ಕಣ್ಲಾ," ಅಂದೆ.

ಅವನು ನಂಬಿದ. ಮುಂದಿನ ಸಲ ನೀರು ಬಿಡುವಾಗಲೂ ಹಗ್ಗದ ತುದಿಯನ್ನು ನನಗೇ ಕೊಟ್ಟ. ನಾನದನ್ನು ಮುಂಗೈಗೆ ಬಿಗಿಯಾಗಿ ಸುತ್ತಿಕೊಂಡೆ, ನಿಜ ಹೇಳಲು ಮಾತ್ರ ಬಾಯಿ ಬರಲಿಲ್ಲ. ಅದಕ್ಕೇ ಇದನ್ನು ಬರೆದು ಪತ್ರಿಕೆಗೆ ಕಳಿಸುತ್ತಿದ್ದೇನೆ. ಈ ಪತ್ರಿಕೆಯನ್ನು ಅವನು ದಿನಾ ಬೆಳಿಗ್ಗೆ ಹೋಟೆಲಿನಲ್ಲಿ ಟೀ ಕುಡಿಯುತ್ತಾ ಓದುತ್ತಾನೆ.